ಗಲ್ಲಾಪೆಟ್ಟಿಗೆಗೆ ಬಾಯಿ ಬಂದ ಮೇಲೆ

2025ರ ಜುಲೈ ನಡುಭಾಗದಲ್ಲಿ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಗಳ ಮುಂದೆ ಒಂದು ಚೀಟಿ ಕಾಣಿಸಿಕೊಂಡಿತು: ‘ನೋ ಯುಪಿಐ, ಓನ್ಲಿ ಕ್ಯಾಶ್’. ಕೆಲವರು ಪ್ರಿಂಟ್ ಹಾಕಿಸಿದ್ದರು, ಹೆಚ್ಚಿನವರು ರಟ್ಟಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದು ನೇತುಹಾಕಿದ್ದರು. ಕ್ಯೂಆರ್ ಸ್ಟಿಕ್ಕರ್ ಕಿತ್ತರೆ ಗಾಜು ಗಲೀಜಾಗುತ್ತದೆಂದು ಅದರ ಮೇಲೇ ಹಾಳೆ ಅಂಟಿಸಿದವರೂ ಇದ್ದರು. ಫೋನ್ ಒಂದನ್ನೇ ಹಿಡಿದು ಹಾಲಿಗೆ ಬಂದವರು ಬರಿಗೈಲಿ ಮನೆಗೆ ಹೋದರು. ಎಟಿಎಂ ಎಲ್ಲಿದೆ ಎಂಬುದನ್ನೇ ಮರೆತಿದ್ದ ಬಸವೇಶ್ವರನಗರ, ವಿಜಯನಗರದ ಮಂದಿ ಮತ್ತೆ ಅದರ ಮುಂದೆ ಸಾಲು ನಿಂತರು.

ಯುಪಿಐ ಜಮೆ ನೋಡಿ ತೆರಿಗೆ ಇಲಾಖೆ ಕಳಿಸಿದ ನೋಟಿಸುಗಳಿಂದ ಎದ್ದ ಈ ಗಲಾಟೆಗೆ ಟಿವಿ ಚರ್ಚೆಗಳಲ್ಲಿ ಎರಡೇ ಬಣ್ಣ. ಒಬ್ಬರ ಪ್ರಕಾರ ಇದು ತೆರಿಗೆ ತಪ್ಪಿಸುವವರ ಕೂಗಾಟ, ಇನ್ನೊಬ್ಬರ ಪ್ರಕಾರ ಬಡವರ ಹೊಟ್ಟೆಯ ಮೇಲೆ ಹೊಡೆತ. ಎರಡರಲ್ಲೂ ಒಂದಿಷ್ಟು ನಿಜವಿದೆ. ಆದರೆ ಅದಕ್ಕಿಂತ ದೊಡ್ಡ ಸಂಗತಿಯೊಂದು ಆ ಚೀಟಿಯ ಹಿಂದಿತ್ತು. ಹತ್ತು ವರ್ಷಗಳಲ್ಲಿ ಫೋನು ನಮ್ಮ ವ್ಯಾಪಾರ, ಸವಾರಿ, ಓದು ಎಲ್ಲಕ್ಕೂ ಲೆಕ್ಕ ಬರೆಯುವ ಗುಮಾಸ್ತನಾಗಿ ಕೂತುಬಿಟ್ಟಿದೆ. ಈ ಗುಮಾಸ್ತನಿಗೆ ‘ಎಷ್ಟು’ ಎಂಬುದು ಪೈಸೆ ಬಿಡದಂತೆ ಗೊತ್ತು. ‘ಯಾತಕ್ಕೆ’ ಎಂದು ಕೇಳಿದರೆ ಸುಮ್ಮನಿರುತ್ತಾನೆ. ಬೆಂಗಳೂರಿನ ಪಡುವಣ ಭಾಗದ ಬದುಕಿನಲ್ಲಿ ಇವತ್ತು ಏಳುತ್ತಿರುವ ಅನೇಕ ತಕರಾರುಗಳ ಬೇರು ಈ ಮೌನದಲ್ಲಿದೆ.

ಪಡುವಣ ಭಾಗವನ್ನೇ ಏಕೆ ಎತ್ತಿಕೊಂಡೆ ಎಂದರೆ, ಇದು ತಂತ್ರಜ್ಞಾನವನ್ನು ತಯಾರಿಸುವುದಕ್ಕಿಂತ ಹೆಚ್ಚಾಗಿ ಬಳಸುವ ಕಡೆ. 1949ರಲ್ಲಿ ಗವರ್ನರ್ ಜನರಲ್ ಆಗಿದ್ದ ರಾಜಾಜಿಯವರ ಹೆಸರಿನಲ್ಲಿ ಶುರುವಾದ ರಾಜಾಜಿನಗರ ಮೊದಲಿಗೆ ಕೈಗಾರಿಕಾ ಉಪನಗರ. ಕಾರ್ಮಿಕರು, ಸಣ್ಣ ವರ್ಕ್‌ಶಾಪಿನವರು, ಸರ್ಕಾರಿ ನೌಕರರು ಸೈಟು ಹಿಡಿದು ಮನೆ ಕಟ್ಟಿದ ಬಡಾವಣೆ ಅದು. ಬಸವೇಶ್ವರನಗರ, ವಿಜಯನಗರ, ಕೆಂಗೇರಿ ಉಪನಗರಗಳೂ ಹೆಚ್ಚುಕಡಿಮೆ ಅದೇ ಜಾಡಿನಲ್ಲಿ ಬೆಳೆದವು. ಸಾಫ್ಟ್‌ವೇರ್ ಕಂಪನಿ ಇಲ್ಲವೆಂದಲ್ಲ. ಮೈಸೂರು ರಸ್ತೆಯಲ್ಲಿ ಗ್ಲೋಬಲ್ ವಿಲೇಜ್ ಇದೆ. ಮೈಂಡ್‌ಟ್ರೀ ಬೆಳೆದದ್ದು ಅಲ್ಲೇ. ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಾರ್ಖಾನೆ ಇದ್ದ ಜಾಗದಲ್ಲಿ ಎದ್ದ ವರ್ಲ್ಡ್ ಟ್ರೇಡ್ ಸೆಂಟರಿನಲ್ಲಿ ಅಮೆಜಾನ್ ಕಂಪನಿಯ ಭಾರತದ ಮುಖ್ಯ ಕಚೇರಿ ವರ್ಷಗಟ್ಟಲೆ ಇತ್ತು. ಮೋಟಾರು ತಯಾರಾಗುತ್ತಿದ್ದ ನೆಲದ ಮೇಲೆ ಆನ್‌ಲೈನ್ ಅಂಗಡಿಯ ಕಚೇರಿ! ಆದರೂ ಇಲ್ಲಿನ ಐಟಿ ಹುಡುಗರಲ್ಲಿ ಬಹಳ ಮಂದಿ ಬೆಳಗಾದರೆ ಮೂಡಣ ದಿಕ್ಕಿಗೇ ಹೊರಡುವವರು. 2023ರ ಅಕ್ಟೋಬರಿನಲ್ಲಿ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ನೇರಳೆ ಮಾರ್ಗ ಪೂರ್ತಿ ತೆರೆದ ಮೇಲೆ ಕೆಂಗೇರಿಯಲ್ಲಿ ಹತ್ತಿ ವೈಟ್‌ಫೀಲ್ಡಿನಲ್ಲಿ ಇಳಿಯಬಹುದಾಯಿತು. ಅವರು ಅಲ್ಲಿ ಬರೆದ ಆ್ಯಪುಗಳು ಸಂಜೆ ಇಲ್ಲಿಯ ಬೇಕರಿಯಲ್ಲಿ ಪರೀಕ್ಷೆಗೆ ಒಳಗಾಗುತ್ತವೆ.

ಬೇಕರಿಗೆ ಕ್ಯೂಆರ್ ಬಂದ ದಾರಿ ನೆನಪು ಮಾಡಿಕೊಳ್ಳಬೇಕು. ಯುಪಿಐ ವ್ಯವಸ್ಥೆ ಶುರುವಾದದ್ದು 2016ರ ಏಪ್ರಿಲ್‌ನಲ್ಲಿ. ಅದೇ ವರ್ಷ ನವೆಂಬರ್ 8ರ ರಾತ್ರಿ ನೋಟು ರದ್ದಾಯಿತು. ಆಗಲೂ ಜನ ಪೂರ್ತಿ ಒಗ್ಗಲಿಲ್ಲ. 2020ರ ಜನವರಿಯಿಂದ ಯುಪಿಐ ವ್ಯವಹಾರಕ್ಕೆ ವ್ಯಾಪಾರಿಯಿಂದ ಶುಲ್ಕ ಕಡಿಯುವಂತಿಲ್ಲ ಎಂದಾಯಿತು, ಅದರ ಬೆನ್ನಿಗೇ ಕೋವಿಡ್ ಬಂದು ನೋಟು ಮುಟ್ಟುವುದಕ್ಕೆ ಜನ ಹೆದರಿದರು. ಇವೆಲ್ಲಕ್ಕಿಂತ ಮುಖ್ಯವಾಗಿ ಚಿಲ್ಲರೆಯ ಕಾಟ ತಪ್ಪಿತು. ಎರಡು ರೂಪಾಯಿ ಚಿಲ್ಲರೆಯ ಬದಲು ಚಾಕೊಲೇಟ್ ಕೈಗಿಡುವ ಬೆಂಗಳೂರಿನ ಪದ್ಧತಿಯನ್ನು ನಿಲ್ಲಿಸಿದ್ದು ಯಾವ ಕಾನೂನೂ ಅಲ್ಲ, ಈ ಕಪ್ಪು ಬಿಳುಪು ಚೌಕ.

ಮಾತಾಡುವ ಡಬ್ಬಿ ಬಂದದ್ದು ಇನ್ನೊಂದು ಕಾರಣಕ್ಕೆ. ಗಿರಾಕಿ ಫೋನ್ ಎತ್ತಿ ‘ಹೋಯ್ತು ನೋಡಿ ಅಣ್ಣ’ ಎಂದು ತೋರಿಸುವ ಚಿತ್ರ ನಿನ್ನೆಯದೂ ಆಗಿರಬಹುದು, ನಕಲಿ ಆ್ಯಪಿನದೂ ಆಗಿರಬಹುದು. ಬನ್ನು ಕಟ್ಟಿ, ಟೀ ಸೋಸಿ, ಚಿಲ್ಲರೆ ಎಣಿಸುವವನಿಗೆ ಪ್ರತಿ ಸಲ ಮೆಸೇಜ್ ತೆರೆದು ನೋಡುವ ಪುರಸೊತ್ತಿಲ್ಲ. ಹಾಗಾಗಿ ಒಳಗೊಂದು ಸಿಮ್ ಇಟ್ಟು, ಹಣ ಜಮೆಯಾದ ಸುದ್ದಿ ಬಂದ ಕೂಡಲೇ ಕೂಗಿ ಹೇಳುವ ಡಬ್ಬಿಯನ್ನು ಕಂಪನಿಗಳು ತಿಂಗಳ ಬಾಡಿಗೆಗೆ ಕೊಟ್ಟವು. ಅದು ಕನ್ನಡವನ್ನೂ ಕಲಿಯಿತು. ಫೋನ್‌ಪೇ ಕಂಪನಿ ನಟ ಸುದೀಪ್ ಅವರ ಧ್ವನಿಯನ್ನೇ ಹಾಕಿಸಿತು. 2024ರ ಜುಲೈನಲ್ಲಿ ಸ್ಥಳೀಯರಿಗೆ ಉದ್ಯೋಗ ಮೀಸಲಿಡುವ ಮಸೂದೆಯನ್ನು ಅದೇ ಕಂಪನಿಯ ಸ್ಥಾಪಕರು ಟೀಕಿಸಿದಾಗ ಕನ್ನಡಿಗರು ಆ್ಯಪ್ ಬಹಿಷ್ಕಾರಕ್ಕೆ ಕರೆ ಕೊಟ್ಟರು. ಅವರು ಕ್ಷಮೆ ಕೇಳಬೇಕಾಯಿತು. ಒಂದು ಪಾವತಿ ಆ್ಯಪು ಭಾಷೆಯ ಜಗಳದ ವಸ್ತುವಾಗುವಷ್ಟು ಅಂಗಡಿಯ ಒಳಮನೆಯವನಾಗಿಬಿಟ್ಟಿತ್ತು.

ಸರಿ, ಈ ಡಬ್ಬಿ ಕೂಗುವ ಮುಂಚೆ ಏನು ನಡೆಯುತ್ತದೆ? ಕ್ಯೂಆರ್ ಚೌಕದೊಳಗೆ ಇರುವುದು ಅಂಗಡಿಯವರ ಯುಪಿಐ ವಿಳಾಸ ಮತ್ತು ಹೆಸರು. ವ್ಯಾಪಾರಿ ಖಾತೆಯಾದರೆ ಯಾವ ಬಗೆಯ ವ್ಯಾಪಾರ ಎಂದು ಹೇಳುವ ನಾಲ್ಕಂಕಿಯ ಸಂಕೇತವೂ ಸೇರುತ್ತದೆ. ನೀವು ಮೊತ್ತ ಒತ್ತಿ ಪಿನ್ ಹಾಕಿದಾಗ ಆ ಕೋರಿಕೆ ಯುಪಿಐ ನಡೆಸುವ ಎನ್‌ಪಿಸಿಐ ಸಂಸ್ಥೆಯ ಕಂಪ್ಯೂಟರಿಗೆ ಹೋಗುತ್ತದೆ. ಅದು ನಿಮ್ಮ ಬ್ಯಾಂಕಿಗೆ ಕಳೆ ಎನ್ನುತ್ತದೆ, ಅಂಗಡಿಯವರ ಬ್ಯಾಂಕಿಗೆ ಕೂಡು ಎನ್ನುತ್ತದೆ. ಹನ್ನೆರಡು ಅಂಕಿಯ ಒಂದು ಸಂಖ್ಯೆ ಹುಟ್ಟುತ್ತದೆ. ಯಾರಿಂದ, ಯಾರಿಗೆ, ಯಾವಾಗ, ಎಷ್ಟು ಎಂಬ ನಾಲ್ಕೂ ಉತ್ತರ ಅಳಿಸಲಾಗದಂತೆ ಉಳಿಯುತ್ತವೆ. ನೀವು ಕೊಂಡದ್ದು ಬ್ರೆಡ್ಡೋ, ಬೀಡಿಯೋ, ಅಥವಾ ಏನನ್ನೂ ಕೊಳ್ಳದೆ ನಿನ್ನೆಯ ಸಾಲ ತೀರಿಸಿದಿರೋ, ಅದು ಎಲ್ಲೂ ದಾಖಲಾಗುವುದಿಲ್ಲ.

ಹಳೆಯ ಉದ್ದರಿ ಪುಸ್ತಕವನ್ನು ನೋಡಿದವರಿಗೆ ವ್ಯತ್ಯಾಸ ತಟ್ಟನೆ ಹೊಳೆಯುತ್ತದೆ. ‘ಮೇಷ್ಟ್ರ ಮನೆ: ಹಾಲು 2, ಬ್ರೆಡ್ 1, ಮೊಟ್ಟೆ 6’ ಎಂದು ಮೊದಲು ಪದಾರ್ಥ, ಕೊನೆಗೆ ದುಡ್ಡು. ಅದರಲ್ಲಿ ಕೂಡಿದ ಲೆಕ್ಕ ತಪ್ಪಿರಬಹುದು, ತಾರೀಕು ಬಿಟ್ಟುಹೋಗಿರಬಹುದು, ಆದರೆ ಮೇಷ್ಟ್ರ ಮನೆಯಲ್ಲಿ ಆ ವಾರ ನೆಂಟರು ಬಂದಿದ್ದರು ಎಂಬುದೂ ಅದನ್ನು ಓದಿದರೆ ಗೊತ್ತಾಗುತ್ತಿತ್ತು. ಹೊಸ ಲೆಕ್ಕದಲ್ಲಿ ದುಡ್ಡು ಮಾತ್ರ ಇದೆ.

ವಾಣಿಜ್ಯ ತೆರಿಗೆ ಇಲಾಖೆ ಹಿಡಿದದ್ದು ಈ ಹೊಸ ಲೆಕ್ಕವನ್ನು. 2021-22ರಿಂದ 2024-25ರವರೆಗಿನ ಯುಪಿಐ ಜಮೆಗಳ ವಿವರವನ್ನು ಪಾವತಿ ಸಂಸ್ಥೆಗಳಿಂದ ಪಡೆದು, ವರ್ಷಕ್ಕೆ 40 ಲಕ್ಷ ರೂಪಾಯಿ ದಾಟಿದರೂ ಜಿಎಸ್‌ಟಿ ನೋಂದಣಿ ಇಲ್ಲದವರನ್ನು ಹೆಕ್ಕಿ ನೋಟಿಸ್ ಕಳಿಸಿತು. ಸರಕು ಮಾರುವವರಿಗೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ, ಇದು ನೋಂದಣಿಯ ಗಡಿ. ಸಾವಿರಾರು ಅಂಗಡಿಗಳಿಗೆ ನೋಟಿಸ್ ಹೋಯಿತು. ನಾಲ್ಕು ವರ್ಷದ ತೆರಿಗೆ, ದಂಡ, ಬಡ್ಡಿ ಎಲ್ಲ ಸೇರಿ ಲಕ್ಷಗಳಲ್ಲಿ ಅಂಕಿ ಕಂಡವರ ಎದೆ ಒಡೆದದ್ದು ಸಹಜ.

ನಲವತ್ತು ಲಕ್ಷ ಎಂದರೆ ಕೇಳುವುದಕ್ಕೆ ದೊಡ್ಡದು. ದಿನಕ್ಕೆ ಹಂಚಿ, ಸುಮಾರು 11 ಸಾವಿರ ರೂಪಾಯಿ. ಮುಖ್ಯರಸ್ತೆಯ ಒಂದು ಕಾಂಡಿಮೆಂಟ್ಸ್ ದಿನಕ್ಕೆ ನೂರು ಲೀಟರ್ ನಂದಿನಿ ಹಾಲು ಮಾರಿದರೆ, 2025ರ ಏಪ್ರಿಲ್ ನಂತರದ 46 ರೂಪಾಯಿ ದರದಲ್ಲಿ ಅದೇ ವರ್ಷಕ್ಕೆ 16 ಲಕ್ಷ 79 ಸಾವಿರ ಆಯಿತು. ಹಾಲಿನಲ್ಲಿ ಕೈಗೆ ಉಳಿಯುವುದು ಚಿಲ್ಲರೆ ಕಾಸು. ಸಿಗರೇಟಿನದೂ ಅದೇ ಕಥೆ, ಮೊತ್ತ ದೊಡ್ಡದು, ಲಾಭ ಸಣ್ಣದು. ವಹಿವಾಟನ್ನು ಆದಾಯ ಅಂದುಕೊಳ್ಳುವುದು ನಮ್ಮ ಟಿವಿ ನಿರೂಪಕರಿಗೂ ಬಂದಿರುವ ರೋಗ. ‘ಟೀ ಅಂಗಡಿಯವನ ಖಾತೆಯಲ್ಲಿ ಅರ್ಧ ಕೋಟಿ’ ಎಂದು ಕೂಗಿದರೆ ಕೇಳುವವರು ಹೌಹಾರುತ್ತಾರೆ. ಅದರಲ್ಲಿ ಹಾಲಿಗೆ, ಗ್ಯಾಸಿಗೆ, ಬಾಡಿಗೆಗೆ, ಹುಡುಗರ ಸಂಬಳಕ್ಕೆ ಹೋದದ್ದೆಷ್ಟು ಎಂದು ಕೂಗಿದರೆ ಟಿಆರ್‌ಪಿ ಬರುವುದಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ, ಅಂಗಡಿಯವರಲ್ಲೂ ಅನೇಕರಿಗೆ ಅದು ಗೊತ್ತಿರಲಿಲ್ಲ. ಹಾಲು, ತರಕಾರಿ, ಹಣ್ಣಿನಂಥ ತೆರಿಗೆಯೇ ಇಲ್ಲದ ಪದಾರ್ಥಗಳನ್ನಷ್ಟೇ ಮಾರುವವರು ಎಷ್ಟೇ ವಹಿವಾಟು ಮಾಡಲಿ, ನೋಂದಣಿ ಬೇಕಿಲ್ಲ. ಆದರೆ ಹಾಲಿನ ಜತೆ ಬಿಸ್ಕತ್ತು, ಸಿಗರೇಟು, ಸೋಪು ಮಾರಿದರೆ ಕಥೆ ಬೇರೆ. ನೋಂದಣಿಯ ಗಡಿ ಮುಟ್ಟಿತೇ ಎಂದು ನೋಡುವಾಗ ಹಾಲಿನ ಮಾರಾಟವನ್ನೂ ಕೂಡಲಾಗುತ್ತದೆ. ತೆರಿಗೆ ಹಾಕುವಾಗ ಮಾತ್ರ ಹಾಲನ್ನು ಬಿಡಬೇಕು. ಅಂದರೆ ಯಾವುದು ಹಾಲಿನದು, ಯಾವುದು ಸಿಗರೇಟಿನದು ಎಂದು ಯಾರಾದರೂ ವಿಂಗಡಿಸಿ ಹೇಳಬೇಕು. ಫೋನ್ ಹೇಳುವುದಿಲ್ಲ. ನೋಟಿಸಿನಲ್ಲಿ ಇಡೀ ಮೊತ್ತ ಒಂದೇ ಸಾಲಿನಲ್ಲಿ ಬಂತು.

ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರ ಪ್ರಕರಣ ರಾಜ್ಯದ ಗಮನ ಸೆಳೆದದ್ದು ಇದೇ ಕಾರಣಕ್ಕೆ. ನಾಲ್ಕು ವರ್ಷಗಳಲ್ಲಿ 1.63 ಕೋಟಿ ರೂಪಾಯಿ ಯುಪಿಐ ವಹಿವಾಟು ಮಾಡಿದ್ದೀರಿ ಎಂದು ಅವರಿಗೆ 29 ಲಕ್ಷದ ನೋಟಿಸ್ ಹೋಗಿತ್ತು. ರೈತರಿಂದ ತಾಜಾ ತರಕಾರಿ ತಂದು ಮಾರುವವರು ಅವರು, ಅದಕ್ಕೆ ತೆರಿಗೆಯೇ ಇಲ್ಲ. ಎಷ್ಟು ಎಂಬುದು ಸರಿಯಾಗಿಯೇ ಇತ್ತು.

ಖಾತೆಗೆ ಬಂದದ್ದೆಲ್ಲ ವ್ಯಾಪಾರದ್ದೂ ಅಲ್ಲ. ನಮ್ಮ ಕಡೆ ಅಂಗಡಿಯ ಕ್ಯೂಆರ್ ಎಂದರೆ ಮನೆಯ ಕ್ಯೂಆರ್ ಕೂಡ. ಊರಿಂದ ಭಾವ ಕಳಿಸಿದ ಸಾಲ, ಎತ್ತಿದ ಚೀಟಿಯ ದುಡ್ಡು, ಮಗಳ ಫೀಸಿಗೆ ಅಣ್ಣ ಹಾಕಿದ್ದು, ಎಲ್ಲವೂ ಅದೇ ಖಾತೆಗೆ ಬಂದು ಬೀಳುತ್ತವೆ. ಇನ್ನೊಂದು ವಾಡಿಕೆಯೂ ಇದೆ. ‘ಅಣ್ಣ, ಐನೂರು ಫೋನ್‌ಪೇ ಮಾಡ್ತೀನಿ, ಕ್ಯಾಶ್ ಕೊಡ್ತೀರಾ?’ ಅಂಗಡಿಯವನು ಪರಿಚಯದ ದಾಕ್ಷಿಣ್ಯಕ್ಕೆ ಗಲ್ಲಾದಿಂದ ಐನೂರರ ನೋಟು ತೆಗೆದು ಕೊಡುತ್ತಾನೆ. ಒಂದು ಪೈಸೆ ವ್ಯಾಪಾರವಾಗಿಲ್ಲ, ಡಬ್ಬಿ ಮಾತ್ರ ಐನೂರು ಎಂದು ಕೂಗಿರುತ್ತದೆ. ಬೀದಿಯ ಎಟಿಎಂ ಆಗಿ ದುಡಿದ ಸೌಜನ್ಯ ನಾಲ್ಕು ವರ್ಷದ ಮೇಲೆ ವಹಿವಾಟಿನ ಪಟ್ಟಿಯಲ್ಲಿ ಸೇರಿಕೊಂಡಿತು.

ಆ ಜುಲೈಯಲ್ಲಿ ವ್ಯಾಪಾರಿಗಳು ಕಪ್ಪು ಪಟ್ಟಿ ಕಟ್ಟಿದರು, ಹಾಲು ಮಾರಾಟ ನಿಲ್ಲಿಸುವುದಾಗಿ ಹೇಳಿದರು, 25ರಂದು ಬಂದ್‌ಗೆ ಕರೆ ಕೊಟ್ಟರು. ನೋಟಿಸ್ ಕಳಿಸಿದ್ದು ರಾಜ್ಯವೋ ಕೇಂದ್ರವೋ ಎಂದು ರಾಜಕಾರಣಿಗಳು ಕೆಲವು ದಿನ ಪರಸ್ಪರ ಬೆರಳು ತೋರಿಸಿಕೊಂಡರು. ಕಳಿಸಿದ್ದು ರಾಜ್ಯದ ಇಲಾಖೆಯೇ. 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಸಭೆ ಕರೆದು, ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ಗಡಿ ದಾಟಿದವರು ನೋಂದಣಿ ಮಾಡಿಸಲೇಬೇಕು ಎಂದರು. ವಿನಾಯಿತಿ ಪದಾರ್ಥ ಮಾರುವವರ ಮೇಲೆ ಕ್ರಮವಿಲ್ಲ ಎಂಬ ಭರವಸೆಯೂ ಸಿಕ್ಕಿತು. ಬಂದ್ ಹಿಂದಕ್ಕೆ ಹೋಯಿತು.

ವ್ಯಾಪಾರಿಗಳ ಪರವಾಗಿ ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ಮಾತನ್ನೂ ಹೇಳಬೇಕು. ಅದೇ ರಸ್ತೆಯಲ್ಲಿ ನೋಂದಣಿ ಮಾಡಿಸಿ, ತಿಂಗಳು ತಿಂಗಳು ರಿಟರ್ನ್ ಸಲ್ಲಿಸಿ, ಲೆಕ್ಕಿಗರಿಗೆ ಫೀಸು ಕಟ್ಟಿ ವ್ಯಾಪಾರ ಮಾಡುವವರಿದ್ದಾರೆ. ಪಕ್ಕದವನು ಅದೇ ಕೇಕನ್ನು ತೆರಿಗೆ ಇಲ್ಲದೆ ಮಾರಿದರೆ ಅವರಿಗೆ ನಷ್ಟ. ಕಾನೂನು ಇಲಾಖೆಯ ಕಡೆಗೇ ಇತ್ತು. ತಪ್ಪಿದ್ದು ಕ್ರಮ. ಮೊದಲ ವರ್ಷ ಗಡಿ ದಾಟಿದಾಗಲೇ ಒಂದು ಎಚ್ಚರಿಕೆಯ ಮೆಸೇಜ್ ಕಳಿಸಬಹುದಿತ್ತು. ಯಂತ್ರ ಪ್ರತಿ ಜಮೆಯನ್ನೂ ಆ ಕ್ಷಣವೇ ಕೂಗಿ ಹೇಳಬಲ್ಲದು ಎಂದಾದರೆ, ನಾಲ್ಕು ವರ್ಷ ಸುಮ್ಮನಿದ್ದು ಒಟ್ಟಿಗೆ ನೋಟಿಸ್ ಕೊಡುವುದು ಯಾವ ನ್ಯಾಯ?

ನೋಟು ಗೆದ್ದಿತೇ? ಇಲ್ಲ. ಜುಲೈ ಕಳೆದು ಬಂದ ಆಗಸ್ಟ್ ತಿಂಗಳಲ್ಲೇ ದೇಶದ ಯುಪಿಐ ವಹಿವಾಟಿನ ಸಂಖ್ಯೆ ಮೊದಲ ಬಾರಿಗೆ ತಿಂಗಳಿಗೆ 2,000 ಕೋಟಿ ದಾಟಿತು. ಇಲ್ಲಿಯ ಚೀಟಿಗಳೂ ಒಂದೊಂದಾಗಿ ಇಳಿದವು. ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ ಎಂಬ ಹೆದರಿಕೆ ತೆರಿಗೆಯ ಹೆದರಿಕೆಗಿಂತ ದೊಡ್ಡದು. ಇನ್ನೊಂದು ತೊಂದರೆ ಮಾತ್ರ ಸದ್ದಿಲ್ಲದೆ ಮುಂದುವರಿದಿದೆ. ಸೈಬರ್ ವಂಚಕರು ಕದ್ದ ದುಡ್ಡು ಖಾತೆಯಿಂದ ಖಾತೆಗೆ ಹರಿಯುತ್ತ ಅದರಲ್ಲಿ ಎಂಬತ್ತು ರೂಪಾಯಿ ಯಾರದೋ ಕೈಯಿಂದ ಟೀ ಅಂಗಡಿಗೂ ಬರಬಹುದು. ಮೋಸ ಹೋದವರು 1930ಕ್ಕೆ ಕರೆ ಮಾಡಿ ದೂರು ಕೊಟ್ಟರೆ, ಹಣ ಹರಿದ ದಾರಿಯುದ್ದಕ್ಕೂ ಬ್ಯಾಂಕುಗಳು ತಡೆ ಹಾಕುತ್ತವೆ. ಆ ದೂರು ಬಹಳ ಮುಖ್ಯ, ತಡ ಮಾಡದೆ ಕೊಟ್ಟರೆ ದುಡ್ಡು ಉಳಿಯುವ ಸಾಧ್ಯತೆ ಹೆಚ್ಚು. ಆದರೆ ಕಳ್ಳನಿಗೂ ಟೀ ಮಾರಿದವನಿಗೂ ಇರುವ ಅಂತರ ಜಮೆಯ ಸಾಲಿನಲ್ಲಿ ಕಾಣುವುದಿಲ್ಲ. ಕೆಲವು ಸಲ ಅಷ್ಟು ಮೊತ್ತಕ್ಕೆ ತಡೆ ಬೀಳುತ್ತದೆ, ಕೆಲವು ಸಲ ಇಡೀ ಖಾತೆಯೇ ಸ್ತಂಭಿಸುತ್ತದೆ.

ಆಟೋ ಸ್ಟ್ಯಾಂಡಿಗೆ ಬರೋಣ. ಬೆಂಗಳೂರಿನ ಆಟೋ ಮೀಟರು 2025ರ ಆಗಸ್ಟ್ 1ರಿಂದ ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ಮೀಟರ್ ಹಾಕಿ ಎನ್ನುವವರೂ ಕಡಿಮೆ, ಹಾಕುವವರೂ ಕಡಿಮೆ. 2022ರ ಅಕ್ಟೋಬರಿನಲ್ಲಿ ಆ್ಯಪ್ ಕಂಪನಿಗಳು ಕನಿಷ್ಠ ದರ ಮೂವತ್ತಿದ್ದಲ್ಲಿ ನೂರು ಕೀಳುತ್ತಿವೆ ಎಂಬ ದೂರು ಜೋರಾಗಿ, ಸಾರಿಗೆ ಇಲಾಖೆ ಆ್ಯಪ್ ಆಟೋಗಳನ್ನು ನಿಲ್ಲಿಸಿ ಎಂದಿತ್ತು. ವಿಷಯ ಹೈಕೋರ್ಟಿಗೆ ಹೋಯಿತು. ಅದೇ ವರ್ಷದ ನವೆಂಬರಿನಲ್ಲಿ ಆಟೋ ಚಾಲಕರ ಸಂಘವೂ ಜಸ್‌ಪೇ ಎಂಬ ಬೆಂಗಳೂರಿನ ಕಂಪನಿಯೂ ಕೂಡಿ ‘ನಮ್ಮ ಯಾತ್ರಿ’ ತಂದವು. ಕಮಿಷನ್ ಇಲ್ಲ, ದುಡ್ಡು ನೇರ ಚಾಲಕರ ಕೈಗೆ, ಮುಂದೆ ದಿನಕ್ಕೊಂದು ಸಣ್ಣ ಶುಲ್ಕ. ಆ ಮಾದರಿ ಎಷ್ಟು ಹಿಡಿಸಿತೆಂದರೆ ದೊಡ್ಡ ಕಂಪನಿಗಳೂ ಆಟೋಗಳ ಮಟ್ಟಿಗೆ ಕಮಿಷನ್ ಬಿಟ್ಟು ದಿನದ ಶುಲ್ಕಕ್ಕೆ ಬಂದವು. ಕನ್ನಡದ ಹೆಸರಿಟ್ಟುಕೊಂಡ ಆ್ಯಪೊಂದು ಜಗತ್ತಿನ ದೊಡ್ಡ ಕಂಪನಿಯ ಲೆಕ್ಕಾಚಾರ ಬದಲಿಸಿದ್ದು ಸಣ್ಣ ಸಾಧನೆಯಲ್ಲ; ಅದಕ್ಕೆ ಸಿಗಬೇಕಾದಷ್ಟು ಹೊಗಳಿಕೆ ಸಿಕ್ಕಿಲ್ಲ.

ಆದರೆ ಆ್ಯಪಿನ ಲೆಕ್ಕಕ್ಕೂ ಅದೇ ಕುರುಡು. ಕೆಂಗೇರಿ ಉಪನಗರಕ್ಕೆ ಸವಾರಿ ಬಂದರೆ ಚಾಲಕ ಒಪ್ಪಿ ಆಮೇಲೆ ಕ್ಯಾನ್ಸಲ್ ಮಾಡುತ್ತಾನೆ. ನಮಗೆ ಸಿಟ್ಟು. ರಾತ್ರಿ ಹತ್ತರ ಮೇಲೆ ಅಲ್ಲಿಂದ ಖಾಲಿ ಗಾಡಿಯಲ್ಲಿ ನಾಯಂಡಹಳ್ಳಿಯವರೆಗೆ ಬರಬೇಕೆಂಬುದು ಅವನ ಲೆಕ್ಕ. ಮಳೆ ಹೊಯ್ದು ಅಂಡರ್‌ಪಾಸ್ ತುಂಬಿರಬಹುದು, ಗ್ಯಾಸ್ ಬಂಕಿನಲ್ಲಿ ಸಾಲು ಹನುಮಂತನ ಬಾಲದಂತೆ ಬೆಳೆದಿರಬಹುದು. ಅಥವಾ ಹತ್ತು ರೂಪಾಯಿ ಹೆಚ್ಚು ಕೊಡುವ ಇನ್ನೊಂದು ಆ್ಯಪಿನ ಸವಾರಿ ಅವನಿಗೆ ಸಿಕ್ಕಿರಬಹುದು, ಅದೂ ಉಂಟು. ಆ್ಯಪಿನಲ್ಲಿ ಉಳಿಯುವುದು ಒಂದು ಕ್ಯಾನ್ಸಲ್, ಒಂದು ನಕ್ಷತ್ರ ಕಡಿಮೆ.

ಊಟ ತಲುಪಿಸುವವರು, ಕ್ಯಾಬ್ ಓಡಿಸುವವರ ವಿಷಯದಲ್ಲಿ ಇಂಥ ಅಂಕಿ ಕೆಲಸವನ್ನೇ ಕಿತ್ತುಕೊಳ್ಳಬಲ್ಲದು. ಒಂದು ಬೆಳಗ್ಗೆ ಐಡಿ ಬ್ಲಾಕ್ ಆದರೆ ಕೇಳಬೇಕಾದ್ದು ಯಾರನ್ನು? ಕರ್ನಾಟಕ 2025ರಲ್ಲಿ ತಂದ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಕಾಯ್ದೆಯ ನಿಜವಾದ ಹೊಸತನ ಇರುವುದು ಈ ಪ್ರಶ್ನೆಯಲ್ಲಿ. ಪ್ರತಿ ವಹಿವಾಟಿನಲ್ಲಿ ಕಾರ್ಮಿಕರಿಗೆ ಸಲ್ಲುವ ಮೊತ್ತದ ಶೇ 1ರಿಂದ 5ರಷ್ಟು ಕಲ್ಯಾಣ ಶುಲ್ಕವನ್ನು ಕಂಪನಿ ಕಟ್ಟಬೇಕು ಎಂಬ ಅಂಶಕ್ಕೇ ಹೆಚ್ಚು ಪ್ರಚಾರ ಸಿಕ್ಕಿತು. ಅದಕ್ಕಿಂತ ದೊಡ್ಡದು, ಕೆಲಸದಿಂದ ತೆಗೆಯುವ ಮುನ್ನ 14 ದಿನದ ನೋಟಿಸ್ ಕೊಡಬೇಕು, ಕಾರಣ ಬರೆಯಬೇಕು, ಸವಾರಿ ಹಂಚುವ ಯಂತ್ರ ಯಾವ ಆಧಾರದ ಮೇಲೆ ನಿರ್ಧರಿಸುತ್ತದೆ ಎಂಬ ಮಾಹಿತಿ ಕಾರ್ಮಿಕರಿಗೆ ಸಿಗಬೇಕು ಎಂಬ ನಿಯಮ. ‘ಯಾಕೆ’ ಎಂದು ಕೇಳುವ ಹಕ್ಕನ್ನು ಕಾನೂನು ಬರೆದುಕೊಟ್ಟಿತು. ಬೇಕರಿಯವರಿಗೆ ಅಂಥ ಹಕ್ಕು ಸಿಕ್ಕಿದ್ದು ಬೀದಿಗೆ ಇಳಿದ ಮೇಲೆ.

ವಿಜಯನಗರದಲ್ಲಿ ಕಥೆ ತಿರುಗುತ್ತದೆ. ಅತ್ತಿಗುಪ್ಪೆ, ಚಂದ್ರಾ ಲೇಔಟ್, ಹಂಪಿನಗರದ ಅಡ್ಡರಸ್ತೆಗಳಲ್ಲಿ ಪಿಜಿಗಳೂ ಕೋಚಿಂಗ್ ಸೆಂಟರ್‌ಗಳೂ ಒತ್ತೊತ್ತಾಗಿವೆ. ಕಲಬುರಗಿ, ರಾಯಚೂರು, ವಿಜಯಪುರ, ಬೆಳಗಾವಿ ಕಡೆಯಿಂದ ಕೆಎಎಸ್, ಪಿಎಸ್‌ಐ, ಎಫ್‌ಡಿಎ ಕನಸು ಹೊತ್ತು ಬಂದವರು ಇಲ್ಲಿ ವರ್ಷಗಟ್ಟಲೆ ಓದುತ್ತಾರೆ. ಅವರಿಗಾಗಿ ಜೋಳದ ರೊಟ್ಟಿಯ ಖಾನಾವಳಿಗಳಿವೆ, ಹಂಪಿನಗರದ ಸಾರ್ವಜನಿಕ ಗ್ರಂಥಾಲಯದಲ್ಲಿ ಕುರ್ಚಿ ಸಿಗಬೇಕಾದರೆ ಬೆಳಗ್ಗೆ ಬೇಗ ಹೋಗಬೇಕು. ಈ ಹುಡುಗ ಹುಡುಗಿಯರ ಪಠ್ಯಪುಸ್ತಕ ಇವತ್ತು ಅರ್ಧ ಟೆಲಿಗ್ರಾಂ, ಅರ್ಧ ಯೂಟ್ಯೂಬ್. ಪ್ರಚಲಿತ ವಿದ್ಯಮಾನದ ಪಿಡಿಎಫ್ ಬೆಳಗ್ಗೆ ಏಳಕ್ಕೆ ಬಂದಿರುತ್ತದೆ, ಪರೀಕ್ಷೆ ಮುಗಿದ ಗಂಟೆಯೊಳಗೆ ‘ಕೀ ಆನ್ಸರ್’ ಹರಿದಾಡುತ್ತದೆ. ಊರಲ್ಲೇ ಕೂತು ಓದಬಹುದಾದದ್ದಕ್ಕೆ ಬೆಂಗಳೂರಿಗೆ ಏಕೆ ಬರಬೇಕು ಎಂದರೆ, ಜತೆಗೆ ಓದುವವರ ಬಿಸಿ ಫೋನಿನಲ್ಲಿ ಸಿಗುವುದಿಲ್ಲ ಎನ್ನುತ್ತಾರೆ.

ಇವರ ಬದುಕನ್ನು ಕೆಡಿಸಿದ್ದೂ ಯಂತ್ರ, ಅದನ್ನು ಬಯಲಿಗೆಳೆದದ್ದೂ ಯಂತ್ರ. 2021ರ ಅಕ್ಟೋಬರ್ 3ರಂದು 545 ಪಿಎಸ್‌ಐ ಹುದ್ದೆಗಳಿಗೆ ನಡೆದ ಪರೀಕ್ಷೆಯಲ್ಲಿ ಬ್ಲೂಟೂತ್ ಮೂಲಕ ಉತ್ತರ ಹೇಳಿಕೊಟ್ಟದ್ದು, ಓಎಂಆರ್ ಹಾಳೆಗಳನ್ನೇ ತಿದ್ದಿದ್ದು ಹೊರಬಿತ್ತು. ಕೇವಲ 21 ಪ್ರಶ್ನೆಗೆ ಉತ್ತರ ಗುರುತಿಸಿದ್ದ ಅಭ್ಯರ್ಥಿಯೊಬ್ಬನ ಓಎಂಆರ್ ಪ್ರತಿ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿ ಸುದ್ದಿಯಾಯಿತು. ಸಿಐಡಿ ತನಿಖೆ, 2022ರ ಏಪ್ರಿಲ್‌ನಲ್ಲಿ ನೇಮಕಾತಿ ರದ್ದು, ಹಿರಿಯ ಪೊಲೀಸ್ ಅಧಿಕಾರಿಯ ಬಂಧನ, ಕೊನೆಗೆ 2024ರ ಜನವರಿ 23ರಂದು ಮರುಪರೀಕ್ಷೆ. ಅಷ್ಟರಲ್ಲಿ ಎಷ್ಟೋ ಪ್ರಾಮಾಣಿಕರ ವಯಸ್ಸು ಮೀರುತ್ತ ಬಂದಿತ್ತು.

ಎರಡನೆಯದು 384 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳ ಕಥೆ. 2024ರ ಆಗಸ್ಟ್ 27ರಂದು ಕೆಪಿಎಸ್‌ಸಿ ನಡೆಸಿದ ಪೂರ್ವಭಾವಿ ಪರೀಕ್ಷೆಯ ಕನ್ನಡ ಪ್ರಶ್ನೆಗಳು ಓದಿದರೆ ಅರ್ಥವಾಗದಂತಿದ್ದವು. ಕನ್ನಡ ಮಾಧ್ಯಮದವರು ಇಂಗ್ಲಿಷ್ ಪ್ರಶ್ನೆ ನೋಡಿ ಕನ್ನಡವನ್ನು ಊಹಿಸಬೇಕಾದ ಸ್ಥಿತಿ. ಹಿಂದಿನ ಕಾಲವಾಗಿದ್ದರೆ ಈ ಗೊಣಗಾಟ ಖಾನಾವಳಿಯ ಮೇಜಿನಲ್ಲೇ ಮುಗಿಯುತ್ತಿತ್ತು. ಈ ಸಲ ಪ್ರಶ್ನೆಪತ್ರಿಕೆಯ ಫೋಟೋಗಳು, ಯಾವ ಪ್ರಶ್ನೆಯಲ್ಲಿ ಏನು ತಪ್ಪು ಎಂಬ ಪಟ್ಟಿ ಸಮೇತ, ವಾಟ್ಸ್‌ಆ್ಯಪ್ ಗುಂಪುಗಳಲ್ಲೂ ಎಕ್ಸ್‌ನಲ್ಲೂ ಹರಡಿದವು. ಸರ್ಕಾರ ಒಂದೇ ವಾರದೊಳಗೆ ಮರುಪರೀಕ್ಷೆಗೆ ಸೂಚಿಸಿತು. ಡಿಸೆಂಬರ್ 29ರಂದು ನಡೆದ ಆ ಮರುಪರೀಕ್ಷೆಯಲ್ಲೂ ಅನುವಾದದ ತಪ್ಪುಗಳು ಬಂದದ್ದು ಆಯೋಗದ ಹಣೆಬರಹವೋ ಉಡಾಫೆಯೋ, ಓದುಗರೇ ತೀರ್ಮಾನಿಸಲಿ. ಇಲ್ಲಿ ಲೆಕ್ಕ ಬರೆದವರು ಅಭ್ಯರ್ಥಿಗಳು. ಪ್ರಶ್ನೆಯ ಸಂಖ್ಯೆ, ತಪ್ಪಿದ ಪದ, ಅದರಿಂದ ಕೆಟ್ಟ ಅರ್ಥ, ಎಲ್ಲವನ್ನೂ ಕಾರಣಸಹಿತ ಬರೆದರು. ಅದಕ್ಕೇ ಆ ದಾಖಲೆಗೆ ಅಷ್ಟು ಬಲ ಬಂತು.

ಇದೇ ಮಂದಿಯ ಫೋನಿಗೆ ಇನ್ನೊಂದು ಮುಖವೂ ಇದೆ. ಒಳಮೀಸಲಾತಿ ತೀರ್ಮಾನವಾಗುವವರೆಗೆ ಹೊಸ ನೇಮಕಾತಿ ಅಧಿಸೂಚನೆ ಬೇಡ ಎಂದು 2024ರ ಅಕ್ಟೋಬರ್ ಕೊನೆಯಲ್ಲಿ ಸಚಿವ ಸಂಪುಟ ನಿರ್ಧರಿಸಿತು. ನೇಮಕಾತಿ ನಿಂತಿತು, ಚಾನೆಲ್‌ಗಳು ನಿಲ್ಲಲಿಲ್ಲ. ‘ಶೀಘ್ರದಲ್ಲೇ ಬೃಹತ್ ನೇಮಕಾತಿ’ ಎಂಬ ಕೆಂಪಕ್ಷರದ ವಿಡಿಯೋಗಳು ಬರುತ್ತಲೇ ಇದ್ದವು, ನೋಡುವವರು ನೋಡುತ್ತಲೇ ಇದ್ದರು. ವೀಕ್ಷಣೆ ಎಷ್ಟು ಎಂಬುದಷ್ಟೇ ಗೊತ್ತಿರುವ ಯಂತ್ರ, ಆತಂಕದಿಂದ ನೋಡಿದ್ದನ್ನೂ ಇಷ್ಟಪಟ್ಟು ನೋಡಿದ್ದನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ಅಂಥದೇ ಇನ್ನೊಂದನ್ನು ಮುಂದಿಡುತ್ತದೆ.

ಬಡಾವಣೆಯ ವಾಟ್ಸ್‌ಆ್ಯಪ್ ಗುಂಪುಗಳ ಬಗ್ಗೆ ಹೆಚ್ಚು ಹೇಳುವುದು ಬೇಡ, ಎಲ್ಲರ ಮನೆಯ ದೋಸೆಯೂ ತೂತೇ. ಬೆಳಗಿನ ಹೂವಿನ ಚಿತ್ರ, ಕಸದ ಗಾಡಿ ಬರಲಿಲ್ಲವೆಂಬ ದೂರು, ಯಾರದೋ ಕಾರು ಯಾರದೋ ಗೇಟಿನ ಮುಂದೆ. ಆದರೆ 2024ರ ಬೇಸಿಗೆಯಲ್ಲಿ ನೀರಿಗೆ ತತ್ವಾರವಾದಾಗ, ಜಿಲ್ಲಾಡಳಿತ ಟ್ಯಾಂಕರಿಗೆ ದರ ನಿಗದಿ ಮಾಡಿದ ಮೇಲೆ, ಯಾವ ಟ್ಯಾಂಕರಿನವ ಎಷ್ಟು ಲೀಟರಿಗೆ ಎಷ್ಟು ಕೇಳಿದ ಎಂಬುದು ಬೀದಿಯವರಿಗೆಲ್ಲ ತಿಳಿದದ್ದು ಈ ಗುಂಪುಗಳಿಂದಲೇ. 2025ರ ಸೆಪ್ಟೆಂಬರಿನಿಂದ ಈ ಕಡೆಗೆ ಬೆಂಗಳೂರು ಪಶ್ಚಿಮ ನಗರ ಪಾಲಿಕೆ ಎಂಬ ಹೊಸ ಆಡಳಿತ ಬಂದಿದೆ. ಅದಕ್ಕೆ ದೂರು ಕೊಡುವಾಗ ಫೋಟೋ ಒಂದನ್ನೇ ಎಸೆದು ಸುಮ್ಮನಾಗದೆ, ಯಾವ ರಸ್ತೆ, ಎಂದಿನಿಂದ, ಯಾರಿಗೆ ಏನು ತೊಂದರೆ ಎಂದು ಮೂರು ಸಾಲು ಬರೆದರೆ ಕೆಲಸ ಆಗುವ ಸಂಭವ ಹೆಚ್ಚು.

ಇದನ್ನು ಓದುವವರಲ್ಲಿ ಅಂಗಡಿ ಇಟ್ಟವರಿದ್ದರೆ ಅವರಿಗೆ ನಾಲ್ಕು ಮಾತು. ಅಂಗಡಿಯ ಖಾತೆ ಬೇರೆ, ಮನೆಯ ಖಾತೆ ಬೇರೆ ಮಾಡಿ. ಭಾವನ ಸಾಲ, ಚೀಟಿಯ ದುಡ್ಡು ಅಂಗಡಿಯ ಕ್ಯೂಆರ್‌ಗೆ ಬರದಿರಲಿ. ತಂದ ಸರಕಿಗೆ ಬಿಲ್ ಕೇಳಿ ಪಡೆದು ಫೈಲಿನಲ್ಲಿಡಿ. ವಹಿವಾಟು ನೋಂದಣಿಯ ಗಡಿಯ ಹತ್ತಿರ ಬಂದರೆ ರಾಜಿ ತೆರಿಗೆ ಪದ್ಧತಿಯ ಬಗ್ಗೆ ವಿಚಾರಿಸಿ. ವರ್ಷಕ್ಕೆ ಒಂದೂವರೆ ಕೋಟಿವರೆಗಿನ ವ್ಯಾಪಾರಿಗಳು ಅದರಲ್ಲಿ ಶೇ 1ರಷ್ಟು, ಹೋಟೆಲಿನವರು ಶೇ 5ರಷ್ಟು ಕಟ್ಟಿದರೆ ಮುಗಿಯಿತು. ಗಿರಾಕಿಯಿಂದ ಬೇರೆಯಾಗಿ ತೆರಿಗೆ ವಸೂಲಿ ಮಾಡುವಂತಿಲ್ಲ. ಗಿರಾಕಿಗಳೂ ಐನೂರು ಹಾಕಿ ನೋಟು ಕೇಳುವ ಮುಂಚೆ ಆ ಜಮೆ ಯಾರ ತಲೆಗೆ ಬರುತ್ತದೆಂದು ಯೋಚಿಸಿದರೆ ಒಳ್ಳೆಯದು. ಕೊನೆಯದಾಗಿ, ರಾತ್ರಿ ಷಟರ್ ಎಳೆಯುವ ಮುಂಚೆ ಐದು ನಿಮಿಷ ಕೂತು ಹಾಲು ಇಷ್ಟು, ಬ್ರೆಡ್ ಇಷ್ಟು, ಸಿಗರೇಟು ಇಷ್ಟು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.